ಬೂಟ್ ಪಾಸ್‌ವರ್ಡ್

ಗಣಕಯಂತ್ರದ ಗುಂಡಿ ಒತ್ತಿದ ಕ್ಷಣದಿಂದ ಲಾಗಿನ್ ಪರದೆ ಮೂಡುವವರೆಗಿನ ಹೊತ್ತಿನಲ್ಲಿ ಅದರ ಆರಂಭಕ್ರಮಕ್ಕೆ ಬೇರೆಯವರು ಕೈಹಾಕದಂತೆ ಇಡುವ ಗುಪ್ತಪದ. ಹೆಸರು ಒಂದಾದರೂ ವಸ್ತು ಒಂದಲ್ಲ. ಬಯೋಸ್ ಕೇಳುವ ಪಾಸ್‌ವರ್ಡ್, ಬೂಟ್‌ಲೋಡರ್ ಕೇಳುವುದು, ಹಾರ್ಡ್‌ಡಿಸ್ಕ್ ತಾನೇ ಕೇಳುವುದು, ಡಿಸ್ಕನ್ನು ಗೂಢಲಿಪಿಯಲ್ಲಿಟ್ಟ ತಂತ್ರಾಂಶ ಕೇಳುವುದು, ಎಲ್ಲವನ್ನೂ ಆಡುಮಾತಿನಲ್ಲಿ ಬೂಟ್ ಪಾಸ್‌ವರ್ಡ್ ಎಂದೇ ಕರೆಯುತ್ತಾರೆ. ಪರದೆಯ ಮೇಲೆ ಎಲ್ಲಕ್ಕೂ ಒಂದೇ ರೂಪ: ಒಂದು ಖಾಲಿ ಜಾಗ, ಮಿಣುಕುವ ಒಂದು ಗೆರೆ. ಕೆಲಸದಲ್ಲಿ ಮಾತ್ರ ಇವು ಎರಡು ಜಾತಿ. ಒಂದು, ಬಾಗಿಲಲ್ಲಿ ನಿಂತು ಯಾರು ನೀನು ಎಂದು ಕೇಳುವ ಕಾವಲುಗಾರ. ಇನ್ನೊಂದು, ತಿಜೋರಿಯ ಕೀಲಿ. ಕಾವಲುಗಾರನ ಕಣ್ಣುತಪ್ಪಿಸಿ ಹಿತ್ತಲಿನಿಂದ ಬರಬಹುದು. ಕೀಲಿಯಿಲ್ಲದ ತಿಜೋರಿಗೆ ಹಿತ್ತಲೆಂಬುದಿಲ್ಲ. ಬೂಟ್ ಪಾಸ್‌ವರ್ಡಿನ ನಾಲ್ಕು ದಶಕಗಳ ಕತೆಯಲ್ಲಿ ಎಡವಟ್ಟುಗಳು ಬಹುಪಾಲು ಹುಟ್ಟಿದ್ದು ಕಾವಲುಗಾರನನ್ನೇ ಕೀಲಿಯೆಂದು ನಂಬಿದ್ದರಿಂದ.

ಲಾಗಿನ್ ಪಾಸ್‌ವರ್ಡ್ ಇರುವಾಗ ಇನ್ನೊಂದೇಕೆ ಎಂದು ಕೇಳುವವರುಂಟು. ಲಾಗಿನ್ ಪರದೆ ಎಂಬುದು ಕಾರ್ಯಾಚರಣ ವ್ಯವಸ್ಥೆಯೊಳಗಿನ ಒಂದು ಪ್ರೋಗ್ರಾಂ. ಆ ವ್ಯವಸ್ಥೆ ಎದ್ದು ಕೂತ ಮೇಲಷ್ಟೇ ಅದಕ್ಕೆ ಅಧಿಕಾರ. ಪೆನ್‌ಡ್ರೈವ್‌ನಲ್ಲಿ ತಂದ ಬೇರೊಂದು ಲಿನಕ್ಸ್‌ನಿಂದ ಯಂತ್ರವನ್ನು ಎಬ್ಬಿಸಿದರೆ ಒಳಗಿನ ಡಿಸ್ಕ್ ಬರಿಯ ಕಡತಗಳ ಗಂಟು. ಯಾವ ಕಡತವನ್ನು ಯಾರು ಓದಬಹುದು ಎಂದು ಅದರಲ್ಲಿ ಬರೆದಿದ್ದರೂ ಆ ಮಾತನ್ನು ನಡೆಸಿಕೊಡುವ ಯಜಮಾನ ಮಲಗಿರುತ್ತಾನೆ.

ಆರಂಭಕ್ರಮ ಒಂದು ಕೈಬದಲಾವಣೆಯ ಸರಪಳಿ. ಪ್ರೊಸೆಸರ್ ಮೊದಲು ಓದುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿ ಅಚ್ಚಾದ ಫರ್ಮ್‌ವೇರನ್ನು. ಹಳೆಯ ಯಂತ್ರಗಳಲ್ಲಿ ಅದು ಬಯೋಸ್, ಹೊಸವುಗಳಲ್ಲಿ ಯುಇಎಫ್‌ಐ. ಅದು ಸ್ಮೃತಿ, ಕೀಲಿಮಣೆ, ಡಿಸ್ಕುಗಳನ್ನು ತಡವಿ ನೋಡಿ ಬೂಟ್‌ಲೋಡರನ್ನು ಹುಡುಕುತ್ತದೆ. ಬೂಟ್‌ಲೋಡರ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲನ್ನು ಸ್ಮೃತಿಗೆ ಎಳೆದು ತರುತ್ತದೆ. ಕರ್ನೆಲ್ ತನ್ನ ಮೊದಲ ಪ್ರೋಗ್ರಾಮನ್ನು ಓಡಿಸುತ್ತದೆ. ಲಾಗಿನ್ ಪರದೆ ಬರುವುದು ಇಷ್ಟೆಲ್ಲ ಆದ ಮೇಲೆ. ಪ್ರತಿ ಹಂತವೂ ತನ್ನನ್ನು ಎಬ್ಬಿಸಿದ ಹಂತವನ್ನು ಕಣ್ಣುಮುಚ್ಚಿ ನಂಬುತ್ತದೆ. ಹಾಗಾಗಿ ಕೆಳಗಿನ ಮೆಟ್ಟಿಲನ್ನು ಹಿಡಿದವನಿಗೆ ಮೇಲಿನವೆಲ್ಲ ದಕ್ಕುತ್ತವೆ.

ಬಯೋಸ್‌ನ ಬೀಗ

1981ರ ಐಬಿಎಂ ಪಿಸಿಯಲ್ಲಿ ಬೂಟ್ ಪಾಸ್‌ವರ್ಡ್ ಇರಲಿಲ್ಲ, ಅದನ್ನು ನೆನಪಿಟ್ಟುಕೊಳ್ಳುವ ಜಾಗವೂ ಇರಲಿಲ್ಲ. ಯಂತ್ರದ ಹೊಂದಿಕೆಗಳನ್ನು ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚುಗಳಲ್ಲಿ ಕೈಯಿಂದಲೇ ಮಾಡಬೇಕಿತ್ತು. 1984ರಲ್ಲಿ ಬಂದ ಪಿಸಿ ಎಟಿ ಮಾದರಿ ಎರಡು ಹೊಸ ವಸ್ತುಗಳನ್ನು ತಂದಿತು. ಮೊದಲನೆಯದು ಅಕ್ಷರಶಃ ಬೀಗ: ಪೆಟ್ಟಿಗೆಯ ಮುಂಭಾಗದಲ್ಲಿ ಕೀಲಿ ತಿರುಗಿಸಿದರೆ ಕೀಲಿಮಣೆ ಸತ್ತಂತಾಗುತ್ತಿತ್ತು, ಮೇಲಿನ ಹೊದಿಕೆಯೂ ತೆಗೆಯಲಾಗದಂತೆ ಭದ್ರವಾಗುತ್ತಿತ್ತು. ಎರಡನೆಯದು ಬ್ಯಾಟರಿಯ ಬಲದಿಂದ ಗಂಟೆ, ದಿನಾಂಕ ಕಾಯುವ ಗಡಿಯಾರದ ಚಿಪ್ಪು. ಅದರೊಳಗಿದ್ದ 64 ಬೈಟ್‌ಗಳ ಸಿಮಾಸ್ ಸ್ಮೃತಿಯಲ್ಲಿ ಯಂತ್ರದ ಹೊಂದಿಕೆಗಳು ಉಳಿಯುತ್ತಿದ್ದವು. ಮುಂದೆ ಪಾಸ್‌ವರ್ಡ್ ಮನೆಮಾಡಿದ್ದು ಇದೇ ಜಾಗದಲ್ಲಿ. 1987ರಲ್ಲಿ ಐಬಿಎಂ ಪಿಎಸ್/2 ಸಾಲಿನ ಯಂತ್ರಗಳು ಗುಂಡಿ ಒತ್ತಿದೊಡನೆ ಪಾಸ್‌ವರ್ಡ್ ಕೇಳುವ ಸೌಲಭ್ಯದೊಂದಿಗೆ ಬಂದವು. 1990ರ ದಶಕಕ್ಕೆ ಅವಾರ್ಡ್, ಎಎಂಐ, ಫೀನಿಕ್ಸ್ ಕಂಪನಿಗಳ ಬಯೋಸ್‌ಗಳಲ್ಲಿ ಇದು ಸಾಮಾನ್ಯವಾಯಿತು: ಯಂತ್ರ ಏಳಬೇಕಾದರೆ ಒಂದು, ಬಯೋಸ್‌ನ ಹೊಂದಿಕೆ ಬದಲಿಸಬೇಕಾದರೆ ಇನ್ನೊಂದು.

ಆರಂಭಕ್ರಮವನ್ನು ಕಟ್ಟಿಹಾಕಬೇಕೆಂದು ಲೋಕಕ್ಕೆ ಮೊದಲು ಮನವರಿಕೆ ಮಾಡಿಕೊಟ್ಟದ್ದು ಕಳ್ಳರಿಗಿಂತ ಹೆಚ್ಚಾಗಿ ಫ್ಲಾಪಿಗಳು. ಆಗಿನ ಯಂತ್ರಗಳು ಹಾರ್ಡ್‌ಡಿಸ್ಕಿಗೆ ಮುಂಚೆ ಫ್ಲಾಪಿಯನ್ನು ನೋಡುತ್ತಿದ್ದವು. ಹಿಂದಿನ ದಿನ ಮರೆತುಬಿಟ್ಟ ಫ್ಲಾಪಿಯ ಮೊದಲ 512 ಬೈಟ್‌ಗಳಲ್ಲಿ ವೈರಸ್ ಇದ್ದರೆ ಬೆಳಗ್ಗೆ ಅದೇ ಮೊದಲು ಏಳುತ್ತಿತ್ತು. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ಬ್ರೇನ್ ಎಂಬ ವೈರಸ್ ಜಗತ್ತೆಲ್ಲ ಸುತ್ತಿದ್ದು ಈ ದಾರಿಯಲ್ಲೇ. ಬೂಟ್ ಸಾಧನಗಳ ಸರದಿಯನ್ನು ಬದಲಿಸಿ ಆ ಸರದಿಯ ಮೇಲೆ ಪಾಸ್‌ವರ್ಡ್ ಹಾಕುವುದು ಆಗ ಆರಂಭವಾದ ರೂಢಿ; ಇಂದಿಗೂ ಅದು ಮೊದಲ ಹೆಜ್ಜೆ. ಒಳಗಿನ ಡಿಸ್ಕ್ ಮೊದಲು, ಯುಎಸ್‌ಬಿ ಮತ್ತು ನೆಟ್‌ವರ್ಕ್ ಬೂಟ್ ಬಂದ್, ಅದರ ಮೇಲೆ ಹೊಂದಿಕೆಯ ಪಾಸ್‌ವರ್ಡ್. ಎಷ್ಟೋ ಪ್ರಯೋಗಾಲಯಗಳಲ್ಲಿ ಇಷ್ಟೆಲ್ಲ ಮಾಡಿ, ಎಫ್12 ಒತ್ತಿದರೆ ತೆರೆದುಕೊಳ್ಳುವ ತಾತ್ಕಾಲಿಕ ಬೂಟ್ ಪಟ್ಟಿಯನ್ನು ಹಾಗೇ ಬಿಟ್ಟಿರುತ್ತಾರೆ. ವಿದ್ಯಾರ್ಥಿಗಳು ಅದನ್ನು ಕಂಡುಹಿಡಿಯಲು ಒಂದು ವಾರವೂ ಬೇಡ.

ಈ ಬೀಗದ ದೌರ್ಬಲ್ಯ ಅದರ ಹುಟ್ಟಿನಲ್ಲೇ ಇತ್ತು. ಪಾಸ್‌ವರ್ಡ್ ಉಳಿದಿರುವುದು ಬ್ಯಾಟರಿಯ ಋಣದಲ್ಲಿ. ನಾಣ್ಯದ ಗಾತ್ರದ ಸಿಆರ್ 2032 ಬ್ಯಾಟರಿಯನ್ನು ಕಿತ್ತು ಸ್ವಲ್ಪ ಹೊತ್ತು ಬಿಟ್ಟರೆ, ಇಲ್ಲವೇ ಅದಕ್ಕೆಂದೇ ಇಟ್ಟ ಜಂಪರನ್ನು ಒಂದು ಪಿನ್ನಿನಿಂದ ಇನ್ನೊಂದಕ್ಕೆ ಸರಿಸಿದರೆ ಎಲ್ಲ ಅಳಿಸಿಹೋಗುತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ದುರಸ್ತಿಗಾರರಿಗೆ ಇದು ಚಹಾ ಆರುವುದರೊಳಗಿನ ಕೆಲಸ. ಅಷ್ಟೂ ಬೇಡವೆಂಬಂತೆ ಕೆಲವು ಬಯೋಸ್ ತಯಾರಕರು ತಮ್ಮದೇ ಗುಟ್ಟಿನ ಪದಗಳನ್ನೂ ಒಳಗಿಟ್ಟಿದ್ದರು. ಮಾಲೀಕ ಏನೇ ಪಾಸ್‌ವರ್ಡ್ ಇಟ್ಟಿರಲಿ, ಅವಾರ್ಡ್ ಕಂಪನಿಯ ಅಂತಹ ಪದವೊಂದನ್ನು ಒತ್ತಿದರೆ ಹಳೆಯ ಯಂತ್ರಗಳು ತೆರೆದುಕೊಳ್ಳುತ್ತಿದ್ದವು. ಆ ಪಟ್ಟಿ ಊರೆಲ್ಲ ಹರಡಿದ ಮೇಲೆ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ.

ಲ್ಯಾಪ್‌ಟಾಪ್ ತಯಾರಕರು ಪಾಠ ಕಲಿತರು. ಪಾಸ್‌ವರ್ಡನ್ನು ಬ್ಯಾಟರಿಯ ಹಂಗಿಲ್ಲದ ಬೇರೆ ಚಿಪ್ಪಿಗೆ ಸಾಗಿಸಿದರು. ಆದರೆ ಮರೆತ ಗ್ರಾಹಕ ಸೇವಾಕೇಂದ್ರಕ್ಕೆ ಬಂದೇ ಬರುತ್ತಾನಲ್ಲ. ಮೂರು ಸಲ ತಪ್ಪಿದರೆ ಪರದೆಯ ಮೇಲೆ ಒಂದು ಸಂಖ್ಯೆ ಮೂಡುವಂತೆ, ಆ ಸಂಖ್ಯೆಯಿಂದ ಲೆಕ್ಕಹಾಕಿ ಸೇವಾಕೇಂದ್ರ ಬಿಡುಗಡೆಯ ಪದ ಹೇಳುವಂತೆ ಹಲವರು ಏರ್ಪಾಡು ಮಾಡಿದರು. ಲೆಕ್ಕದ ಸೂತ್ರವನ್ನು ಬಿಡಿಸಿದವರು ಅದನ್ನು ಪುಟ್ಟ ಪ್ರೋಗ್ರಾಂಗಳಾಗಿ ಹಂಚಿದರು. ಆಪಲ್ ಬೇರೆ ದಾರಿ ಹಿಡಿಯಿತು. ಅದರ ಹಳೆಯ ಮ್ಯಾಕ್‌ಗಳಲ್ಲಿ ಸ್ಮೃತಿಯ ಒಂದು ಪಟ್ಟಿಯನ್ನು ಕಿತ್ತು, ಯಂತ್ರದ ಹೊಂದಿಕೆಗಳನ್ನು ಅಳಿಸಿ ಫರ್ಮ್‌ವೇರ್ ಪಾಸ್‌ವರ್ಡ್ ತೆಗೆಯಬಹುದಿತ್ತು. ಆಮೇಲಿನ ಇಂಟೆಲ್ ಮ್ಯಾಕ್‌ಗಳಲ್ಲಿ ಅದು ಅಧಿಕೃತ ಸೇವಾಕೇಂದ್ರದಲ್ಲಷ್ಟೇ ಸಾಧ್ಯವಾಯಿತು. 2020ರಿಂದ ಬಂದ ಆಪಲ್ ಸಿಲಿಕಾನ್ ಯಂತ್ರಗಳಲ್ಲಿ ಫರ್ಮ್‌ವೇರ್ ಪಾಸ್‌ವರ್ಡ್ ಎಂಬುದೇ ಇಲ್ಲ. ಬೂಟ್ ಹೊಂದಿಕೆ ಮುಟ್ಟಬೇಕಾದರೆ ಯಂತ್ರದ ಬಳಕೆದಾರನ ಪಾಸ್‌ವರ್ಡೇ ಬೇಕು.

ಬೂಟ್‌ಲೋಡರ್ ಮತ್ತು ಒಂಟಿ ಬಳಕೆದಾರನ ಬಾಗಿಲು

ಯುನಿಕ್ಸ್ ಪರಂಪರೆಯಲ್ಲಿ ಸಮಸ್ಯೆಯ ರೂಪವೇ ಬೇರೆ. ಅಲ್ಲಿ ಕೆಟ್ಟ ಯಂತ್ರವನ್ನು ರಿಪೇರಿ ಮಾಡಲೆಂದು ಒಬ್ಬನೇ ಬಳಕೆದಾರನ ಸ್ಥಿತಿ ಎಂಬುದೊಂದಿದೆ. ಅದಕ್ಕೆ ಹೋದರೆ ಸರ್ವಾಧಿಕಾರಿ ರೂಟ್ ಆಗಿಯೇ ಎದ್ದಿರುತ್ತೀರಿ. ಕನ್ಸೋಲಿನ ಮುಂದೆ ಕೂತವನು ಯಂತ್ರದ ಒಡೆಯನೇ ಇರಬೇಕು ಎಂಬುದು ಬೀಗ ಹಾಕಿದ ಗಣಕ ಕೋಣೆಗಳ ಕಾಲದ ಊಹೆ. ಬಿಎಸ್‌ಡಿ ವ್ಯವಸ್ಥೆಗಳು ಈ ಊಹೆಯನ್ನು ಒಂದೇ ಪದಕ್ಕೆ ಇಳಿಸಿವೆ: ಟರ್ಮಿನಲ್‌ಗಳ ಪಟ್ಟಿಯಲ್ಲಿ ಕನ್ಸೋಲಿನ ಮುಂದೆ ‘ಸುರಕ್ಷಿತ’ ಎಂದಿದ್ದರೆ ರೂಟ್ ಪಾಸ್‌ವರ್ಡ್ ಕೇಳುವುದಿಲ್ಲ, ‘ಅಸುರಕ್ಷಿತ’ ಎಂದಿದ್ದರೆ ಕೇಳುತ್ತದೆ. ಸುರಕ್ಷತೆ ಬೇಕಾದವರು ಅಸುರಕ್ಷಿತ ಎಂದು ಬರೆಯಬೇಕು. ಹೊಸಬರು ಇಲ್ಲಿ ಎಡವದಿದ್ದರೆ ಆಶ್ಚರ್ಯ.

ಲಿನಕ್ಸ್‌ನಲ್ಲಿ ಈ ಬಾಗಿಲಿಗೆ ದಾರಿ ಬೂಟ್‌ಲೋಡರಿನ ಮೂಲಕ. ಕರ್ನೆಲಿಗೆ ಕೊಡುವ ಸೂಚನೆಗಳ ಸಾಲಿನ ಕೊನೆಗೆ ಸಿಂಗಲ್ ಎಂಬ ಒಂದೇ ಪದ ಸೇರಿಸಿದರೆ ಒಂಟಿ ಬಳಕೆದಾರನ ಸ್ಥಿತಿ. ಅಲ್ಲಿ ಪಾಸ್‌ವರ್ಡ್ ಕೇಳುವಂತೆ ಮಾಡಿದ್ದೀರಾ? ಮೊದಲ ಪ್ರೋಗ್ರಾಮಿನ ಬದಲು ನೇರವಾಗಿ ಬ್ಯಾಷ್ ಶೆಲ್ಲನ್ನೇ ಎಬ್ಬಿಸು ಎಂದು ಬರೆದರಾಯಿತು; ಕೇಳುವವರು ಹುಟ್ಟುವ ಮುಂಚೆಯೇ ರೂಟ್ ಶೆಲ್ ಕೈಯಲ್ಲಿರುತ್ತದೆ. ಇದು ಕಳ್ಳಗಾರಿಕೆಯ ವಿದ್ಯೆಯಷ್ಟೇ ಅಲ್ಲ. ಬೂಟ್‌ಕ್ರಮವನ್ನು ನಡುವೆ ತಡೆದು ವ್ಯವಸ್ಥೆಯೊಳಗೆ ಹೋಗುವುದು ರೆಡ್ ಹ್ಯಾಟ್ ಕಂಪನಿಯ ಆಡಳಿತಗಾರರ ಪ್ರಮಾಣಪತ್ರ ಪರೀಕ್ಷೆಯ ಪಠ್ಯಭಾಗ. ಪಾಸ್‌ವರ್ಡ್ ಮರೆತ ಒಡೆಯನಿಗೂ ಯಂತ್ರ ಕದ್ದವನಿಗೂ ದಾರಿ ಒಂದೇ. ಬೂಟ್‌ಲೋಡರಿನ ಪಾಸ್‌ವರ್ಡ್ ನಿಲ್ಲುವುದು ಆ ದಾರಿಯ ಬಾಯಲ್ಲಿ.

ವರ್ನರ್ ಆಲ್ಮೆಸ್‌ಬರ್ಗರ್ 1992ರಲ್ಲಿ ಬರೆಯತೊಡಗಿದ ಲಿಲೊ ಬೂಟ್‌ಲೋಡರಿನಲ್ಲಿ ಪಾಸ್‌ವರ್ಡ್ ಇಡಬಹುದಿತ್ತು, ಜೊತೆಗೆ ನಿರ್ಬಂಧಿತ ಎಂಬ ಇನ್ನೊಂದು ಸೂಚನೆಯೂ ಇತ್ತು. ಅದಿದ್ದರೆ ಯಂತ್ರ ಎಂದಿನಂತೆ ತಾನಾಗಿ ಏಳುತ್ತದೆ. ಯಾರಾದರೂ ಸಾಲಿನ ಕೊನೆಗೆ ಏನನ್ನಾದರೂ ಸೇರಿಸಹೊರಟರೆ ಮಾತ್ರ ಪಾಸ್‌ವರ್ಡ್ ಕೇಳುತ್ತದೆ. ಜಾಣ ಏರ್ಪಾಡು. ಆದರೆ ಪಾಸ್‌ವರ್ಡ್ ಹೊಂದಿಕೆಯ ಕಡತದಲ್ಲಿ ಬಟಾಬಯಲಾಗಿ ಬರೆದಿರುತ್ತಿತ್ತು. ಆ ಕಡತವನ್ನು ರೂಟ್ ಬಿಟ್ಟು ಇತರರು ಓದದಂತೆ ಮಾಡಲು ಮರೆತ ಆಡಳಿತಗಾರರ ಪಾಸ್‌ವರ್ಡ್ ಅವರ ಬಳಕೆದಾರರಿಗೆಲ್ಲ ಗೊತ್ತಿರುತ್ತಿತ್ತು.

ಎರಿಕ್ ಬೋಲಿನ್ 1995ರಲ್ಲಿ ಆರಂಭಿಸಿ ಮುಂದೆ ಗ್ನೂ ಯೋಜನೆಯ ಭಾಗವಾದ ಗ್ರಬ್ ಈ ದೋಷವನ್ನು ತಿದ್ದಿತು. ಹಳೆಯ ಗ್ರಬ್ ಪಾಸ್‌ವರ್ಡನ್ನು ಎಂಡಿ5 ಸಾರವಾಗಿ ಇಡಬಲ್ಲುದಾಗಿತ್ತು. ಗ್ರಬ್ 2 ಅದನ್ನು ಪಿಬಿಕೆಡಿಎಫ್2 ಎಂಬ ವಿಧಾನದಿಂದ, ತಾನಾಗಿ 10,000 ಸುತ್ತು ಅರೆದು ಇಡುತ್ತದೆ. ಕಡತ ಕಳ್ಳನ ಕೈಗೆ ಸಿಕ್ಕರೂ ಪದ ಊಹಿಸುವ ಕೆಲಸ ನಿಧಾನವಾಗಲಿ ಎಂಬುದು ಉದ್ದೇಶ. ಗ್ರಬ್ 2ರಲ್ಲಿ ಮೊದಲು ಒಬ್ಬ ಮುಖ್ಯ ಬಳಕೆದಾರನ ಹೆಸರನ್ನು ಘೋಷಿಸಬೇಕು. ಘೋಷಿಸಿದೊಡನೆ, ಇ ಕೀಲಿ ಒತ್ತಿ ಸಾಲು ತಿದ್ದುವುದಕ್ಕೂ ಸಿ ಕೀಲಿ ಒತ್ತಿ ಆಜ್ಞಾಸಾಲು ತೆರೆಯುವುದಕ್ಕೂ ಹೆಸರು ಮತ್ತು ಪಾಸ್‌ವರ್ಡ್ ಬೇಕಾಗುತ್ತವೆ.

ಇಲ್ಲೊಂದು ಹಳ್ಳವಿದೆ, ಬಿದ್ದವರು ಬಹಳ. ಮುಖ್ಯ ಬಳಕೆದಾರನನ್ನು ಘೋಷಿಸಿದರೆ ಪಟ್ಟಿಯ ಎಲ್ಲ ನಮೂದುಗಳಿಗೂ ಬೀಗ ಬೀಳುತ್ತದೆ, ದಿನನಿತ್ಯದ ಬೂಟ್‌ಗೂ ಸೇರಿ. ಎಲ್ಲರಿಗೂ ತೆರೆದಿದೆ ಎಂಬ ಗುರುತನ್ನು ಆ ನಮೂದಿಗೆ ಬೇರೆಯಾಗಿ ಹಚ್ಚಬೇಕು. ಮನೆಯ ಯಂತ್ರದಲ್ಲಾದರೆ ಇದೊಂದು ಕಿರಿಕಿರಿ ಅಷ್ಟೆ. ದೂರದ ಊರಿನ ಬೀರುವಿನಲ್ಲಿ ಕೂತ ಸರ್ವರಿನಲ್ಲಾದರೆ ಕತೆ ಬೇರೆ: ನಡುರಾತ್ರಿ ಕರೆಂಟ್ ಹೋಗಿ ಬರುತ್ತದೆ, ಯಂತ್ರ ಎದ್ದು ಪಾಸ್‌ವರ್ಡ್ ಕೇಳುತ್ತದೆ, ಹೇಳುವವರು ಯಾರೂ ಇಲ್ಲದೆ ಬೆಳಗಿನವರೆಗೆ ಕೇಳುತ್ತಲೇ ನಿಂತಿರುತ್ತದೆ. ಬೆಸ್ಕಾಂ, ಹೆಸ್ಕಾಂ ಸೀಮೆಗಳಲ್ಲಿ ಸರ್ವರ್ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗ್ರಬ್‌ನ ಪಾಸ್‌ವರ್ಡ್ ಕಾವಲುಗಾರನ ಜಾತಿಯದು ಎಂಬುದಕ್ಕೆ 2015ರ ಡಿಸೆಂಬರ್‌ನಲ್ಲಿ ಸಿಕ್ಕಿದ ಪುರಾವೆಯಷ್ಟು ಸೊಗಸಾದದ್ದು ಇನ್ನೊಂದಿಲ್ಲ. ಸ್ಪೇನಿನ ವೆಲೆನ್ಸಿಯಾದ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಹೆಕ್ಟರ್ ಮಾರ್ಕೊ ಮತ್ತು ಇಸ್ಮಾಯೆಲ್ ರಿಪೋಲ್, ಗ್ರಬ್ ಬಳಕೆದಾರನ ಹೆಸರು ಕೇಳುವಾಗ ಬ್ಯಾಕ್‌ಸ್ಪೇಸ್ ಕೀಲಿಯನ್ನು 28 ಸಲ ಒತ್ತಿದರೆ ಪಾಸ್‌ವರ್ಡ್ ಇಲ್ಲದೆಯೇ ರಕ್ಷಣಾ ಶೆಲ್ ತೆರೆದುಕೊಳ್ಳುತ್ತದೆ ಎಂದು ತೋರಿಸಿದರು. ಅಳಿಸಲು ಅಕ್ಷರವೇ ಇಲ್ಲದಾಗಲೂ ಪ್ರೋಗ್ರಾಂ ಎಣಿಕೆಯಿಂದ ಒಂದೊಂದನ್ನು ಕಳೆಯುತ್ತಲೇ ಹೋಗುತ್ತಿತ್ತು. ಸೊನ್ನೆಗಿಂತ ಕೆಳಗಿಳಿದ ಎಣಿಕೆ ದೊಡ್ಡ ಸಂಖ್ಯೆಯಾಗಿ ತಿರುಗಿ, ತನ್ನದಲ್ಲದ ಸ್ಮೃತಿಯ ಜಾಗವನ್ನು ತುಳಿಯುತ್ತಿತ್ತು. ಸೊನ್ನೆಯಾಗಿದೆಯೇ ಎಂಬ ಒಂದು ತಪಾಸಣೆ ಇದ್ದಿದ್ದರೆ ಸಾಕಿತ್ತು. ದೋಷ 2009ರಿಂದಲೂ ಅಲ್ಲೇ ಇತ್ತು.

ದೋಷಗಳೇ ಇಲ್ಲದಿದ್ದರೂ ಗ್ರಬ್‌ನ ಹೊಂದಿಕೆಯ ಕಡತ ಡಿಸ್ಕಿನಲ್ಲಿರುವ ಸಾಧಾರಣ ಕಡತ. ಪೆನ್‌ಡ್ರೈವ್‌ನಿಂದ ಎಬ್ಬಿಸಿದವನು ಆ ಸಾಲುಗಳನ್ನು ಅಳಿಸಬಹುದು. ಅವನನ್ನು ತಡೆಯಲು ಫರ್ಮ್‌ವೇರಿನ ಪಾಸ್‌ವರ್ಡ್ ಬೇಕು, ಅದನ್ನು ಕಾಯಲು ಪೆಟ್ಟಿಗೆಗೆ ಬೀಗ ಬೇಕು, ಪೆಟ್ಟಿಗೆ ಇರುವ ಕೋಣೆಗೆ ಇನ್ನೊಂದು. ಡಿಸ್ಕನ್ನೇ ಬಿಚ್ಚಿಕೊಂಡು ಹೋಗಿ ಬೇರೆ ಯಂತ್ರಕ್ಕೆ ಸಿಕ್ಕಿಸಿದರೆ ಇಷ್ಟೂ ಬೀಗಗಳು ಖಾಲಿ ಮನೆಯನ್ನು ಕಾಯುತ್ತವೆ.

ಕನ್ನಡದ ಪಾಸ್‌ವರ್ಡ್

ಕನ್ನಡದಲ್ಲೇ ಬೂಟ್ ಪಾಸ್‌ವರ್ಡ್ ಇಡಬಹುದೇ? ಆಸೆ ಒಳ್ಳೆಯದು, ಇಡಬಾರದು. ಇನ್‌ಸ್ಕ್ರಿಪ್ಟ್ ಆಗಲಿ, ಕೆ.ಪಿ. ರಾವ್ ರೂಪಿಸಿದ ವಿನ್ಯಾಸವಾಗಲಿ, ಕಾರ್ಯಾಚರಣ ವ್ಯವಸ್ಥೆ ಎದ್ದ ಮೇಲೆ ಬರುವ ಸೌಲಭ್ಯ. ಗ್ರಬ್‌ಗೆ ತಾನಾಗಿ ತಿಳಿದಿರುವುದು ಅಮೆರಿಕದ ಇಂಗ್ಲಿಷ್ ಕೀಲಿಮಣೆಯ ವಿನ್ಯಾಸ ಮಾತ್ರ. ಫ್ರಾನ್ಸಿನವರೂ ಇದೇ ಕಷ್ಟ ಪಡುತ್ತಾರೆ: ಅವರ ಕೀಲಿಮಣೆಯಲ್ಲಿ ಎ ಅಕ್ಷರವಿರುವ ಜಾಗವನ್ನು ಗ್ರಬ್ ಕ್ಯೂ ಎಂದು ಓದುತ್ತದೆ, ಒತ್ತಿದ್ದು ಪರದೆಯಲ್ಲಿ ಕಾಣದ ಕಾರಣ ತಪ್ಪೆಲ್ಲಿ ಎಂದು ತಿಳಿಯುವುದೂ ಇಲ್ಲ.

ಕನ್ನಡಕ್ಕೆ ಇನ್ನೂ ಒಂದು ತೊಡಕು ಹೆಚ್ಚು. ‘ಕೋ’ ಎಂಬ ಅಕ್ಷರವನ್ನು ಯುನಿಕೋಡ್‌ನಲ್ಲಿ ಕ ಮತ್ತು ಓತ್ವ ಎಂದು ಎರಡು ಸಂಕೇತಗಳಲ್ಲಿ ಬರೆಯಬಹುದು. ಕ, ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘಚಿಹ್ನೆ ಎಂದು ಬಿಡಿಸಿ ನಾಲ್ಕರಲ್ಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಪಾಸ್‌ವರ್ಡ್ ಅರೆಯುವ ಗಣಿತಕ್ಕೆ ಅವು ಬೇರೆ ಬೇರೆ. ಒಂದು ತಂತ್ರಾಂಶದಲ್ಲಿ ಇಟ್ಟ ಪದವನ್ನು ಇನ್ನೊಂದರಲ್ಲಿ ಸರಿಯಾಗಿಯೇ ಒತ್ತಿದರೂ ಬಾಗಿಲು ತೆರೆಯದಿರಬಹುದು. ಲಿನಕ್ಸ್‌ನ ಡಿಸ್ಕ್ ಗೂಢಲಿಪಿಯ ತಂತ್ರಾಂಶವಾದ ಕ್ರಿಪ್ಟ್‌ಸೆಟಪ್‌ನ ಲೇಖಕರು ಆಸ್ಕಿಯ ಮುದ್ರಿಸಬಲ್ಲ 95 ಅಕ್ಷರಗಳನ್ನಷ್ಟೇ ಬಳಸಿ ಎಂದು ಸಲಹೆ ಕೊಡುವುದು ಇಂಥ ಕಾರಣಗಳಿಗೇ. ಕನ್ನಡದ ನಾಲ್ಕೈದು ಸಂಬಂಧವಿಲ್ಲದ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಸೇರಿಸಿ ಬರೆಯುವುದು ಮಧ್ಯದ ದಾರಿ. ನೆನಪಿಗೂ ಹಗುರ, ಊಹೆಗೂ ಸಿಗುವುದು ಕಷ್ಟ. ಗಾದೆಗಳು ಬೇಡ, ಅವು ಎಲ್ಲರ ಬಾಯಲ್ಲೂ ಇವೆ.

ಡಿಸ್ಕಿನ ಬೀಗ, ಡಿಸ್ಕಿನ ಕೀಲಿ

1997ರ ಎಟಿಎ-3 ಮಾನಕ ಡಿಸ್ಕಿಗೇ ಪಾಸ್‌ವರ್ಡ್ ಇಡುವ ಏರ್ಪಾಡು ತಂದಿತು. ಬೇರೆ ಯಂತ್ರಕ್ಕೆ ಸಾಗಿಸಿದರೂ ಬೀಗ ಡಿಸ್ಕಿನ ಜೊತೆಗೇ ಹೋಗುತ್ತದೆ. ಐದು ಸಲ ತಪ್ಪಿದರೆ ಕರೆಂಟ್ ತೆಗೆದು ಹಾಕುವವರೆಗೆ ಮತ್ತೆ ಕೇಳಿಸಿಕೊಳ್ಳುವುದಿಲ್ಲ. ಆದರೂ ತಟ್ಟೆಯ ಮೇಲಿನ ಮಾಹಿತಿ ಬಟಾಬಯಲಾಗಿಯೇ ಬರೆದದ್ದು. ಕಾವಲು ಕಾಯುತ್ತಿದ್ದುದು ಡಿಸ್ಕಿನ ಫರ್ಮ್‌ವೇರ್. ತಮ್ಮಷ್ಟಕ್ಕೆ ತಾವೇ ಗೂಢಲಿಪಿಯಲ್ಲಿ ಬರೆಯುವ ಎಸ್‌ಎಸ್‌ಡಿಗಳು ಬಂದಾಗ ಈ ಕೊರತೆ ತುಂಬಿತೆಂದು ಎಲ್ಲರೂ ತಿಳಿದರು. 2018ರಲ್ಲಿ ನೆದರ್‌ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಕಾರ್ಲೊ ಮೈಯರ್ ಮತ್ತು ಬರ್ನಾರ್ಡ್ ವಾನ್ ಗಾಸ್ಟೆಲ್, ಹೆಸರಾಂತ ತಯಾರಕರ ಕೆಲವು ಎಸ್‌ಎಸ್‌ಡಿಗಳನ್ನು ಬಿಚ್ಚಿ ನೋಡಿ ಬೇರೆಯದೇ ಹೇಳಿದರು. ಕೆಲವು ಮಾದರಿಗಳಲ್ಲಿ ಪಾಸ್‌ವರ್ಡಿಗೂ ಗೂಢಲಿಪಿಯ ಕೀಲಿಗೂ ಗಣಿತದ ನಂಟೇ ಇರಲಿಲ್ಲ. ಫರ್ಮ್‌ವೇರ್ ಎರಡನ್ನೂ ಬೇರೆಬೇರೆ ಇಟ್ಟುಕೊಂಡು ಪಾಸ್‌ವರ್ಡ್ ಸರಿಯೇ ಎಂದು ನೋಡುತ್ತಿತ್ತು, ಆ ನೋಟವನ್ನು ಬದಲಿಸಿದರೆ ಯಾವ ಪದಕ್ಕೂ ತೆರೆಯುತ್ತಿತ್ತು. ತಿಜೋರಿ ಉಕ್ಕಿನದೇ, ಆದರೆ ಕೀಲಿಯನ್ನು ಕಾವಲುಗಾರನ ಜೇಬಿನಲ್ಲಿಟ್ಟಿದ್ದರು. ಮರುವರ್ಷ ಮೈಕ್ರೋಸಾಫ್ಟ್ ತನ್ನ ಬಿಟ್‌ಲಾಕರ್ ಇಂಥ ಡಿಸ್ಕುಗಳನ್ನು ನಂಬದೆ ತಂತ್ರಾಂಶದಲ್ಲೇ ಗೂಢಲಿಪಿ ಮಾಡುವಂತೆ ಬದಲಿಸಿತು.

ನಿಜವಾದ ಕೀಲಿಯ ಮಾದರಿ ಲಿನಕ್ಸ್‌ನ ಲಕ್ಸ್. ಕ್ಲೆಮೆನ್ಸ್ ಫ್ರೂವಿರ್ತ್ 2004ರಲ್ಲಿ ರೂಪಿಸಿದ ಈ ವಿನ್ಯಾಸದಲ್ಲಿ ಡಿಸ್ಕಿನ ಮಾಹಿತಿಯನ್ನು ಒಂದು ಯಾದೃಚ್ಛಿಕ ಮೂಲಕೀಲಿ ಗೂಢಗೊಳಿಸುತ್ತದೆ. ಬಳಕೆದಾರನ ಪಾಸ್‌ವರ್ಡಿನಿಂದ ಹುಟ್ಟಿದ ಇನ್ನೊಂದು ಕೀಲಿ ಆ ಮೂಲಕೀಲಿಯನ್ನು ಮುಚ್ಚಿಡುತ್ತದೆ. ಮೊದಲ ಆವೃತ್ತಿಯಲ್ಲಿ ಎಂಟು ಪಾಸ್‌ವರ್ಡ್‌ಗಳಿಗೆ ಜಾಗವಿತ್ತು, ಎರಡನೆಯದರಲ್ಲಿ 32ರವರೆಗೆ. ಒಂದನ್ನು ಬದಲಿಸಲು ಇಡೀ ಡಿಸ್ಕನ್ನು ಮತ್ತೆ ಬರೆಯಬೇಕಿಲ್ಲ. ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ಇಲ್ಲಿ ತೀರ್ಪು ಕೊಡುವವರು ಬೇಕಾಗಿಲ್ಲ. ತಪ್ಪಾದರೆ ಕೀಲಿ ಹುಟ್ಟುವುದಿಲ್ಲ, ಅಷ್ಟೆ.

28 ಬ್ಯಾಕ್‌ಸ್ಪೇಸ್‌ಗಳ ಅದೇ ಇಬ್ಬರು ಮರುವರ್ಷ ಇನ್ನೊಂದು ದೋಷ ಕಂಡರು. ಕೆಲವು ಲಿನಕ್ಸ್ ವಿತರಣೆಗಳಲ್ಲಿ ಲಕ್ಸ್ ಪಾಸ್‌ವರ್ಡ್ ಕೇಳುವಾಗ ಎಂಟರ್ ಕೀಲಿಯನ್ನು ಸುಮಾರು 70 ಸೆಕೆಂಡು ಒತ್ತಿಹಿಡಿದರೆ ಪ್ರೋಗ್ರಾಂ ಸೋತು ರೂಟ್ ಶೆಲ್ ಕೊಟ್ಟುಬಿಡುತ್ತಿತ್ತು. ಪತ್ರಿಕೆಗಳು ಗೂಢಲಿಪಿಯೇ ಮುರಿಯಿತೆಂಬಂತೆ ಬರೆದವು. ಮುರಿದದ್ದು ಬಾಗಿಲು ಮಾತ್ರ: ಶೆಲ್ ಸಿಕ್ಕವನು ಡಿಸ್ಕನ್ನು ನಕಲು ಮಾಡಬಹುದಿತ್ತು, ಅಳಿಸಬಹುದಿತ್ತು, ಗೂಢಗೊಳಿಸದ ಬೂಟ್ ಭಾಗವನ್ನು ತಿದ್ದಬಹುದಿತ್ತು, ಓದುವುದು ಆಗುತ್ತಿರಲಿಲ್ಲ. ಒಂದೇ ಜೋಡಿ ಸಂಶೋಧಕರ ಎರಡು ದೋಷಗಳನ್ನು ಪಕ್ಕಪಕ್ಕ ಇಟ್ಟರೆ ಕಾವಲಿಗೂ ಕೀಲಿಗೂ ಇರುವ ಅಂತರ ಬೇರೆ ವ್ಯಾಖ್ಯಾನ ಬೇಡುವುದಿಲ್ಲ.

ಕೀಲಿಗೂ ಅದರದೇ ಕಷ್ಟಗಳಿವೆ. ಯಂತ್ರ ಎಚ್ಚರವಿರುವಷ್ಟು ಹೊತ್ತು ಮೂಲಕೀಲಿ ಸ್ಮೃತಿಯಲ್ಲಿರುತ್ತದೆ. 2008ರಲ್ಲಿ ಪ್ರಿನ್ಸ್‌ಟನ್‌ನ ಸಂಶೋಧಕರ ತಂಡ, ಧೂಳು ಊದುವ ಡಬ್ಬಿಯನ್ನು ತಲೆಕೆಳಗು ಹಿಡಿದು ಸ್ಮೃತಿಯ ಚಿಪ್ಪುಗಳನ್ನು ಸೊನ್ನೆಗಿಂತ 50 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿದರೆ, ಕರೆಂಟ್ ತೆಗೆದು ಹತ್ತು ನಿಮಿಷವಾದರೂ ನೂರಕ್ಕೆ ಒಂದು ಬಿಟ್‌ನಷ್ಟೂ ಮಾಸುವುದಿಲ್ಲ ಎಂದು ತೋರಿಸಿತು. ಲ್ಯಾಪ್‌ಟಾಪನ್ನು ಮಲಗಿಸಿ ಮುಚ್ಚಳ ಹಾಕಿ ಪ್ರಯಾಣ ಹೊರಡುವವರು, ಡಿಸ್ಕ್ ಗೂಢವಾಗಿದೆ ಎಂಬ ಧೈರ್ಯದಲ್ಲಿದ್ದರೂ, ಕೀಲಿಯನ್ನು ಬಾಗಿಲಲ್ಲೇ ಬಿಟ್ಟಿರುತ್ತಾರೆ. ಇನ್ನೊಂದು ಬಗೆಯ ದಾಳಿಗೆ ಪೋಲೆಂಡಿನ ಯೊಆನ್ನಾ ರುಟ್‌ಕೋವ್‌ಸ್ಕಾ 2009ರಲ್ಲಿ ಕೊಟ್ಟ ‘ದುಷ್ಟ ಪರಿಚಾರಿಕೆ’ ಎಂಬ ಹೆಸರು ನಿಂತುಬಿಟ್ಟಿದೆ. ಹೋಟೆಲ್ ಕೋಣೆಯಲ್ಲಿ ಯಂತ್ರ ಬಿಟ್ಟು ಊಟಕ್ಕೆ ಹೋದಾಗ ಒಂದೆರಡು ನಿಮಿಷದಲ್ಲಿ ಬೂಟ್‌ಲೋಡರನ್ನು ಬದಲಿಸಿದರೆ, ರಾತ್ರಿ ಒಡೆಯನೇ ಬಂದು ನಕಲಿ ಪರದೆಗೆ ತನ್ನ ಪಾಸ್‌ವರ್ಡ್ ಹೇಳಿಕೊಡುತ್ತಾನೆ.

ಪಾಸ್‌ವರ್ಡ್ ಕೇಳುವವನೇ ಅಸಲಿಯೋ ಎಂದು ನೋಡುವುದು ಸೆಕ್ಯೂರ್ ಬೂಟ್‌ನ ಕೆಲಸ. 2011ರ ಯುಇಎಫ್‌ಐ ವಿವರಣೆಯಲ್ಲಿ ರೂಪು ತಳೆದು ಮರುವರ್ಷ ವಿಂಡೋಸ್ 8ರೊಂದಿಗೆ ಮನೆಮನೆಗೆ ಬಂದ ಇದು, ಅಂಕಿತ ಹಾಕಿದ ಬೂಟ್‌ಲೋಡರನ್ನು ಮಾತ್ರ ಏಳಲು ಬಿಡುತ್ತದೆ. ಅಂಕಿತವಿದ್ದರೂ ಒಳಗೆ ಹುಳುಕಿರಬಹುದು. 2020ರಲ್ಲಿ ಬೂಟ್‌ಹೋಲ್ ಎಂದು ಹೆಸರಾದ ದೋಷದಲ್ಲಿ ಗ್ರಬ್‌ಗೆ ಅಂಕಿತವಿತ್ತು, ಅದು ಓದುವ ಹೊಂದಿಕೆಯ ಕಡತಕ್ಕೆ ಇರಲಿಲ್ಲ. ಟಿಪಿಎಂ ಚಿಪ್ಪು ಇನ್ನೊಂದು ಬಗೆ. ಅದು ಆರಂಭದ ಪ್ರತಿ ಹಂತದ ಅಳತೆ ತೆಗೆದಿಟ್ಟು, ಅಳತೆ ಹಿಂದಿನಂತೆಯೇ ಇದ್ದರಷ್ಟೇ ಡಿಸ್ಕಿನ ಕೀಲಿ ಕೊಡುತ್ತದೆ. ಬಿಟ್‌ಲಾಕರ್ ಬಹಳ ಕಡೆ ಈ ಚಿಪ್ಪನ್ನೇ ನಂಬಿ ಬಳಕೆದಾರನನ್ನು ಏನೂ ಕೇಳದೆ ಏಳುತ್ತದೆ. ಅನುಕೂಲವೇನೋ ಹೌದು. 2024ರಲ್ಲಿ ಒಬ್ಬ ಸಂಶೋಧಕ, ಟಿಪಿಎಂ ಪ್ರತ್ಯೇಕ ಚಿಪ್ಪಾಗಿದ್ದ ಹಳೆಯ ಲ್ಯಾಪ್‌ಟಾಪೊಂದರಲ್ಲಿ ಅದು ಪ್ರೊಸೆಸರಿಗೆ ಕೀಲಿ ಕಳಿಸುವ ತಂತಿಗಳಿಗೆ ಅಗ್ಗದ ರಾಸ್‌ಬೆರಿ ಪೈ ಪಿಕೊ ತಾಗಿಸಿ, 43 ಸೆಕೆಂಡಿನಲ್ಲಿ ಕೀಲಿ ಓದಿ ತೋರಿಸಿದ. ಚಿಪ್ಪಿನ ಜೊತೆಗೆ ಒಂದು ಪಿನ್ ಸಂಖ್ಯೆಯನ್ನೂ ಕೇಳುವಂತೆ ಮಾಡಿದರೆ ಈ ದಾರಿ ಮುಚ್ಚುತ್ತದೆ. ಊಹೆಗಳು ಹೆಚ್ಚಾದರೆ ಚಿಪ್ಪು ತಾನೇ ಉತ್ತರಿಸುವುದನ್ನು ನಿಲ್ಲಿಸುವ ಕಾರಣ ಆ ಸಂಖ್ಯೆ ಚಿಕ್ಕದಿದ್ದರೂ ನಡೆಯುತ್ತದೆ. ಬೆಲೆಬಾಳುವ ಮಾಹಿತಿ ಇರುವ ಲ್ಯಾಪ್‌ಟಾಪಿಗೆ ಇಂದು ಶಿಫಾರಸು ಮಾಡಬೇಕಾದ್ದು ಇದೇ ಜೋಡಿ.

ಇಂಥ ದಾರಿಗಳಿಂದ ಭಾರತದಲ್ಲಿ ಇತರರ ಗಣಕವನ್ನು ಒಡೆಯನ ಅನುಮತಿಯಿಲ್ಲದೆ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿನಡಿ ಬರುತ್ತದೆ. ದುರುದ್ದೇಶವಿದ್ದರೆ 66ನೇ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮರೆತವನ ಗತಿ

ಜಂಪರಿನ ಕಾಲದಲ್ಲಿ ಪಾಸ್‌ವರ್ಡ್ ಮರೆಯುವುದು ನೂರಿನ್ನೂರು ರೂಪಾಯಿಯ ವಿಷಯವಾಗಿತ್ತು. ಲಕ್ಸ್ ಡಿಸ್ಕಿನ ಪಾಸ್‌ವರ್ಡ್ ಮರೆತರೆ, ಅಥವಾ ಅದರ ತಲೆಭಾಗದ ಕೆಲವು ಮೆಗಾಬೈಟ್‌ಗಳು ಕೆಟ್ಟರೆ, ಯಾವ ದುರಸ್ತಿಗಾರನೂ ಏನೂ ಮಾಡಲಾರ. ತಲೆಭಾಗದ ಪ್ರತಿಯನ್ನು ಬೇರೆಡೆ ತೆಗೆದಿಡುವುದು ಅದಕ್ಕೇ. ಬಿಟ್‌ಲಾಕರ್ ಇಂಥ ದಿನಕ್ಕೆಂದು 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕೊಡುತ್ತದೆ. ಅದನ್ನು ಎಲ್ಲಿಡಬೇಕು ಎಂಬ ಪ್ರಶ್ನೆ 2024ರ ಜುಲೈ 19ರಂದು ಜಗತ್ತಿನಾದ್ಯಂತ ಒಮ್ಮೆಗೇ ಎದ್ದಿತು. ಕ್ರೌಡ್‌ಸ್ಟ್ರೈಕ್ ಕಂಪನಿಯ ರಕ್ಷಣಾ ತಂತ್ರಾಂಶದ ಒಂದು ಕೆಟ್ಟ ಪರಿಷ್ಕರಣೆಯಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದವು. ಪರಿಹಾರ ಸರಳವಿತ್ತು: ಸೇಫ್ ಮೋಡ್‌ಗೆ ಹೋಗಿ ಒಂದು ಕಡತ ಅಳಿಸುವುದು. ಆದರೆ ಬಿಟ್‌ಲಾಕರ್ ಇದ್ದ ಯಂತ್ರಗಳಲ್ಲಿ ಅಲ್ಲಿಗೆ ಹೋಗಲು ಆ 48 ಅಂಕಿಗಳು ಬೇಕಿದ್ದವು. ತಂತ್ರಜ್ಞರು ಒಂದೊಂದೇ ಯಂತ್ರದ ಮುಂದೆ ಕೂತು ಒಂದೊಂದೇ ಅಂಕಿ ಒತ್ತಿದರು. ಕೀಲಿಗಳ ಪಟ್ಟಿಯನ್ನು ವಿಂಡೋಸ್ ಸರ್ವರಿನಲ್ಲೇ ಇಟ್ಟಿದ್ದ ಕಡೆಗಳಲ್ಲಿ ಮೊದಲು ಎಬ್ಬಿಸಬೇಕಾಗಿದ್ದುದು ಅದೇ ನೀಲಿ ಪರದೆ ಹೊತ್ತು ನಿಂತಿದ್ದ ಆ ಸರ್ವರನ್ನು.